ಮದ್ಯವ್ಯಸನ: ಪಾಪವೇ, ಕಾಯಿಲೆಯೇ?

ಮದ್ಯಪಾನದ ಕುರಿತು ಇಸ್ಲಾಮಿನ ತೀರ್ಪು ಏನೆಂಬುದು ನಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಮಕ್ತಬ್‌ನಲ್ಲಿ ಇನ್ನೂ ಕಾಯಿದಾ ಓದುತ್ತಿರುವ ಹುಡುಗನನ್ನು ಕೇಳಿದರೂ ಹರಾಮ್ ಎಂದು ಥಟ್ಟನೆ ಹೇಳುತ್ತಾನೆ. ಆದರೆ ಮದ್ಯದ ಹಿಡಿತಕ್ಕೆ ಸಿಕ್ಕಿಬಿಟ್ಟ ಮನುಷ್ಯನನ್ನು ಏನೆಂದು ತಿಳಿಯಬೇಕು, ಅವನೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಅವನಿಗೆ ಈಮಾನೇ ಇಲ್ಲ ಎಂದು ಒಬ್ಬರು. ಅದೊಂದು ಕಾಯಿಲೆ, ಅವನಾದರೂ ಏನು ಮಾಡಿಯಾನು ಎಂದು ಇನ್ನೊಬ್ಬರು. ಯಾರೋ ಏನೋ ಮಾಡಿಸಿದ್ದಾರೆ ಎಂದು ಮತ್ತೊಬ್ಬರು. ನಮ್ಮ ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಎಷ್ಟೋ ಮನೆಗಳಲ್ಲಿ ಈ ಮೂರು ಮಾತುಗಳೂ ಒಂದೇ ಸಂಜೆ, ಒಂದೇ ಪಡಸಾಲೆಯಲ್ಲಿ ಕೇಳಿಬರುತ್ತವೆ.

ಇದು ಬರೀ ಮಾತಿನ ಜಗಳವಲ್ಲ. ಉತ್ತರ ಯಾವುದೋ, ಆ ಮನುಷ್ಯ ಹೋಗಿ ಸೇರುವ ಜಾಗವೂ ಅದೇ ಆಗುತ್ತದೆ. ಮೊದಲನೆಯವರ ಮಾತು ನಡೆದರೆ ಅವನು ಬೀದಿಗೆ ಬೀಳುತ್ತಾನೆ. ಎರಡನೆಯವರ ಮಾತು ನಡೆದರೆ ಮನೆಯಲ್ಲೇ ಕುಡಿಯುತ್ತ ಉಳಿಯುತ್ತಾನೆ. ಮೂರನೆಯವರ ಮಾತು ನಡೆದರೆ ತಾಯಿತದ ಖರ್ಚು. ಮಿದುಳಿನ ಕುರಿತ ವಿಜ್ಞಾನವು ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ವಿಷಯದಲ್ಲಿ ಬಹಳಷ್ಟನ್ನು ಬೆಳಕಿಗೆ ತಂದಿದೆ. ಅದು ಏನು ಹೇಳುತ್ತದೆ, ನಮ್ಮ ದೀನ್‌ನ ಬೋಧನೆಯೊಂದಿಗೆ ಅದನ್ನು ಹೇಗೆ ಸೇರಿಸಿ ಓದಬೇಕು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಎರಡು ಪದಗಳು

ಹಝ್ರತ್ ಉಮರ್(ರ) ಮದೀನಾದ ಮಿಂಬರಿನ ಮೇಲೆ ನಿಂತು ಖಮ್ರ್ ಎಂದರೇನೆಂದು ವಿವರಿಸಿದ್ದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಆ ಕಾಲದಲ್ಲಿ ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಜವೆಗೋಧಿ ಎಂಬ ಐದು ವಸ್ತುಗಳಿಂದ ಮದ್ಯ ತಯಾರಾಗುತ್ತಿತ್ತು. ಅವುಗಳನ್ನು ಹೆಸರಿಸಿದ ಬಳಿಕ ಅವರು, ಬುದ್ಧಿಯನ್ನು ಮುಚ್ಚಿಬಿಡುವುದೇ ಖಮ್ರ್ ಎಂದು ತಿಳಿಸಿದರು. ಹೆಂಗಸರ ತಲೆವಸ್ತ್ರಕ್ಕೆ ಖಿಮಾರ್ ಎನ್ನುತ್ತಾರಲ್ಲ, ಅದರದೂ ಇದೇ ಧಾತು: ಮುಚ್ಚುವುದು. ಕುರ್‌ಆನಿನಲ್ಲಿ ಬ್ರಾಂಡಿಯ ಹೆಸರಿಲ್ಲ, ಗಾಂಜಾದ ಹೆಸರಿಲ್ಲ ಎಂದು ವಾದಿಸುವವರಿಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ಉತ್ತರ ಸಿಕ್ಕಿದೆ. ಪೊಟ್ಟಣ ಬದಲಾದರೆ ಹುಕುಮ್ ಬದಲಾಗದು.

ಕನ್ನಡದ ಪದವೂ ಯೋಚಿಸತಕ್ಕದ್ದೇ. ವ್ಯಸನ ಎಂದರೆ ಚಟ. ವ್ಯಸನ ಎಂದರೆ ದುಃಖವೂ ಹೌದು. ಸಾವಿನ ಮನೆಯಲ್ಲಿ ವ್ಯಸನಪಡಬೇಡಿ ಎನ್ನುವುದೂ ಇದೇ ಪದದಿಂದ. ಸಂತೋಷಕ್ಕೆಂದು ಆರಂಭಿಸಿದ್ದಕ್ಕೆ ದುಃಖದ ಹೆಸರೇ ನಿಂತದ್ದು ಏಕೆ ಎಂಬುದಕ್ಕೆ ಮುಂದಿನ ವಿವರಣೆ ಸ್ವಲ್ಪ ಉತ್ತರ ಕೊಡುತ್ತದೆ.

ಮಿದುಳು ಬೇಡಲು ಕಲಿಯುವುದು ಹೇಗೆ?

ಅಲ್ಲಾಹನು ಮನುಷ್ಯನ ಮಿದುಳಿನಲ್ಲಿ ಒಂದು ವ್ಯವಸ್ಥೆಯನ್ನು ಇಟ್ಟಿದ್ದಾನೆ. ಹಸಿದಾಗ ಅನ್ನದ ಕಡೆಗೆ, ದಣಿದಾಗ ನೆರಳಿನ ಕಡೆಗೆ, ಅಳುವ ಮಗುವಿನ ಕಡೆಗೆ ನಮ್ಮನ್ನು ಎಳೆಯುವುದು ಅದೇ. ಅದು ಇಲ್ಲದಿದ್ದರೆ ನಾವು ಉಣ್ಣುವುದನ್ನೂ ಮರೆಯುತ್ತಿದ್ದೆವು. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿನ ಒಳಭಾಗಕ್ಕೆ ತೆಳುವಾದ ತಂತಿಯನ್ನಿಟ್ಟು, ಒಂದು ಸನ್ನೆಯನ್ನು ಒತ್ತಿದರೆ ಅಲ್ಲಿಗೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಆ ಸನ್ನೆಯನ್ನು ಗಂಟೆಗೆ ನೂರಾರು ಬಾರಿ ಒತ್ತತೊಡಗಿದವು. ನಂತರದ ಪ್ರಯೋಗಗಳಲ್ಲಿ ಕೆಲವು ಇಲಿಗಳು ಎದುರಿಗಿದ್ದ ಆಹಾರವನ್ನೂ ಬಿಟ್ಟು ಸನ್ನೆಯ ಬಳಿಯೇ ಕುಳಿತವು. ಈ ಸೆಳೆತದ ದಾರಿಯಲ್ಲಿ ಸಂದೇಶ ಒಯ್ಯುವ ಮುಖ್ಯ ರಾಸಾಯನಿಕದ ಹೆಸರು ಡೋಪಮೈನ್ ಎಂದು ಮುಂದೆ ತಿಳಿದುಬಂತು. ಮದ್ಯ, ತಂಬಾಕು, ಅಫೀಮು, ಕೊಕೇನ್ ಇವು ಬೇರೆ ಬೇರೆ ದಾರಿಯಿಂದ ಒಳಹೊಕ್ಕರೂ ಕೊನೆಗೆ ತಟ್ಟುವುದು ಇದೇ ಬಾಗಿಲನ್ನು. ಅನ್ನ ನೀರು ತಟ್ಟುವುದಕ್ಕಿಂತ ಬಹಳ ಜೋರಾಗಿ ತಟ್ಟುತ್ತವೆ, ಅಷ್ಟೇ.

ಡೋಪಮೈನ್ ಎಂದರೆ ಸುಖದ ರಸ ಎಂದು ಬಹುಕಾಲ ಭಾವಿಸಲಾಗಿತ್ತು. ಈಗಲೂ ಪತ್ರಿಕೆಗಳಲ್ಲಿ ಹಾಗೇ ಬರೆಯುತ್ತಾರೆ. ಆದರೆ ವುಲ್ಫ್‌ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ಕೋತಿಗೆ ಹಣ್ಣಿನ ರಸ ಕೊಟ್ಟಾಗ ಡೋಪಮೈನ್ ಕೋಶಗಳು ಚುರುಕಾದವು. ರಸ ಕೊಡುವ ಮುನ್ನ ಪ್ರತಿಸಲ ಒಂದು ಸೂಚನೆ ಕೊಡುತ್ತ ಬಂದಾಗ, ಸ್ವಲ್ಪ ಕಾಲದ ನಂತರ ಆ ಕೋಶಗಳು ರಸಕ್ಕಲ್ಲ, ಸೂಚನೆಗೇ ಚುರುಕಾಗತೊಡಗಿದವು. ಸೂಚನೆ ಬಂದು ರಸ ಬಾರದಿದ್ದರೆ ಅವು ಎಂದಿಗಿಂತ ಕೆಳಗೆ ಕುಸಿದವು.

ನಮ್ಮೂರಿನವರಿಗೆ ಇದನ್ನು ವಿವರಿಸಲು ಕೋತಿ ಬೇಕಿಲ್ಲ, ಪಾನಿಪುರಿ ಸಾಕು. ಬಂಗಾರಪೇಟೆಯ ಪಾನಿಪುರಿಯ ನೀರು ಬೇರೆ ಊರುಗಳದರಂತೆ ಹಸಿರಲ್ಲ, ಕುಡಿಯುವ ನೀರಿನಷ್ಟೇ ತಿಳಿ. ಹೊರಗಿನವನೊಬ್ಬ ಆ ಪಾತ್ರೆಯನ್ನು ನೋಡಿದರೆ ಕೈ ತೊಳೆಯಲು ಇಟ್ಟಿದ್ದಾರೇನೋ ಎಂದುಕೊಂಡಾನು. ನಮ್ಮ ಮಕ್ಕಳಿಗೋ, ಅದನ್ನು ಕಂಡೊಡನೆ ಬಾಯಲ್ಲಿ ನೀರೂರುತ್ತದೆ. ನೋಡಿದ್ದು ಒಂದೇ ನೀರು. ಕಲಿತ ಮಿದುಳು ಬೇರೆ. ಕುಡಿತಕ್ಕೆ ಬಿದ್ದವನ ಸ್ಥಿತಿಯೂ ಹೀಗೆಯೇ. ಸಂಬಳದ ದಿನ, ಬೆಂಗಳೂರಿನ ಕೆಲಸ ಮುಗಿಸಿ ಸಂಜೆಯ ರೈಲಿನಿಂದ ಇಳಿಯುವ ಹೊತ್ತು, ಅಂಗಡಿಯ ತಿರುವು, ಜೊತೆಗೆ ಕೂರುತ್ತಿದ್ದ ಗೆಳೆಯನ ಕೂಗು ಇವು ನಮಗೆ ಏನೂ ಅಲ್ಲ. ಅವನ ಮಿದುಳಿಗೆ ಇವೆಲ್ಲ ಸೂಚನೆಗಳು. ಬೆಳಿಗ್ಗೆ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದವನು ಸಂಜೆ ಮುರಿದನೆಂದರೆ, ಬೆಳಗಿನ ಮಾತು ಸುಳ್ಳಾಗಿತ್ತು ಎಂದೇ ಅರ್ಥವಲ್ಲ.

ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ 1993ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೇಕು ಎನ್ನಿಸುವುದು ಬೇರೆ, ಹಿತವೆನಿಸುವುದು ಬೇರೆ. ಮಿದುಳಿನಲ್ಲಿ ಇವೆರಡರ ವ್ಯವಸ್ಥೆಯೂ ಬೇರೆ ಎಂದು ಅವರು ಪ್ರತಿಪಾದಿಸಿದರು. ವ್ಯಸನಿಯಲ್ಲಿ ಹಿತ ದಿನೇ ದಿನೇ ಕುಗ್ಗುತ್ತದೆ, ಬೇಕೆಂಬ ತವಕ ಬೆಳೆಯುತ್ತಲೇ ಹೋಗುತ್ತದೆ. ಕುಡುಕನೊಬ್ಬ ನನಗಿದು ಬೇಡವಾಗಿದೆ, ಆದರೂ ಬಿಡಲಾಗುತ್ತಿಲ್ಲ ಎಂದು ಅತ್ತರೆ ನಾವು ನಾಟಕವೆನ್ನುತ್ತೇವೆ. ಅದು ನಾಟಕವಾಗಿರಲೇಬೇಕೆಂದಿಲ್ಲ. ಕುರ್‌ಆನ್ ಕೆಡುಕಿಗೆ ಪ್ರೇರೇಪಿಸುವ ನಫ್ಸನ್ನೂ ಹೆಸರಿಸಿದೆ, ತನ್ನನ್ನು ತಾನೇ ನಿಂದಿಸಿಕೊಳ್ಳುವ ನಫ್ಸನ್ನೂ ಹೆಸರಿಸಿದೆ. ಒಬ್ಬನಲ್ಲೇ ಎರಡೂ ಇರುವುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಸಿಗುವುದು ಕಷ್ಟ.

ಹಣೆಯ ಹಿಂದೆ ಇರುವ ಮಿದುಳಿನ ಮುಂಭಾಗದ ಕೆಲಸ ತಡೆಯುವುದು, ಪರಿಣಾಮವನ್ನು ಯೋಚಿಸುವುದು. ದೀರ್ಘಕಾಲದ ನಶೆಯು ಇದೇ ಭಾಗವನ್ನು ದುರ್ಬಲಗೊಳಿಸುತ್ತದೆ ಎಂಬುದನ್ನು ನೋರಾ ವೋಲ್ಕೊವ್ ಮೊದಲಾದವರು ಮಿದುಳಿನ ಚಿತ್ರಗಳ ಮೂಲಕ ತೋರಿಸಿದ್ದಾರೆ. ಈ ಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಹದಿನೈದು ವರ್ಷದ ಹುಡುಗನ ಜೇಬಿನಲ್ಲಿ ತಂಬಾಕಿನ ಪೊಟ್ಟಣ ಸಿಕ್ಕಿದಾಗ ಇಷ್ಟೇ ತಾನೆ ಎಂದು ಬಿಡುವ ತಂದೆಯರು ಇದನ್ನು ಗಮನಿಸಬೇಕು.

ಇದೆಲ್ಲ ದೂರದೇಶದ ಮಾತು ಎನ್ನಬೇಡಿ. ನಮ್ಮಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು, ಮನೆತನದಲ್ಲಿ ತೀವ್ರ ಮದ್ಯವ್ಯಸನವಿದ್ದು ತಾವು ಇನ್ನೂ ಮದ್ಯ ಮುಟ್ಟದ ಯುವಕರ ಮಿದುಳನ್ನು ಎಂ.ಆರ್.ಐ. ಮೂಲಕ ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಇತರ ಯುವಕರಿಗೆ ಹೋಲಿಸಿದರೆ ಇವರ ಮಿದುಳಿನ ಕೆಲವು ಭಾಗಗಳ ಗಾತ್ರ ಕಡಿಮೆಯಿರುವುದು ಕಂಡುಬಂತು. ದುಡುಕು, ತಡೆಯಿಲ್ಲದ ನಡವಳಿಕೆಯೊಂದಿಗೂ ಅದಕ್ಕೆ ಸಂಬಂಧವಿತ್ತು. ಅಂದರೆ ಮೊದಲ ಗುಟುಕಿಗೂ ಮುಂಚೆಯೇ ಕೆಲವರ ಕಾಲ ಕೆಳಗಿನ ನೆಲ ಇಳಿಜಾರಾಗಿರುತ್ತದೆ. ಇಳಿಜಾರಿನಲ್ಲಿ ನಿಂತವರೆಲ್ಲ ಜಾರುತ್ತಾರೆಂದೇನಿಲ್ಲ. ಆದರೆ ಅಂತಹ ಮನೆಯ ಹುಡುಗನಿಗೆ ಅಪ್ಪನಂತೆಯೇ ಆಗುತ್ತೀಯ ಎಂದು ದಿನವೂ ಚುಚ್ಚುವ ಬದಲು, ಅವನಿಗೆ ಉಳಿದ ಮಕ್ಕಳಿಗಿಂತ ಹೆಚ್ಚಿನ ಕಾವಲು, ಹೆಚ್ಚಿನ ಪ್ರೀತಿ ಬೇಕೆಂದು ಇದರಿಂದ ತಿಳಿಯಬೇಕು.

ಹಾಗಾದರೆ ಪಾಪವಲ್ಲವೇ?

1997ರಲ್ಲಿ ಅಮೆರಿಕಾದ ಅಲನ್ ಲೆಶ್ನರ್, ವ್ಯಸನವು ಮಿದುಳಿನ ಕಾಯಿಲೆ ಎಂದು ಸ್ಪಷ್ಟವಾಗಿ ಬರೆದರು. ವೈದ್ಯಲೋಕದ ಬಹುಭಾಗ ಇಂದು ಅದನ್ನು ಒಪ್ಪಿದೆ. ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಒಪ್ಪದವರು ಮುಂದಿಡುವ ಒಂದು ಪ್ರಸಂಗ ಬಹಳ ಪ್ರಸಿದ್ಧ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕಾದ ಸೈನಿಕರಲ್ಲಿ ಹೆರಾಯಿನ್ ಚಟ ಹಬ್ಬಿತ್ತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಅಲ್ಲಿ ದಾಸರಾಗಿದ್ದವರಲ್ಲಿ ಮೊದಲ ವರ್ಷದಲ್ಲಿ ಪುನಃ ದಾಸರಾದವರು ನೂರಕ್ಕೆ ಸುಮಾರು ಐವರು ಮಾತ್ರ. ಊರು ಬದಲಾಯಿತು, ಸಂಗ ಬದಲಾಯಿತು, ಮನೆಯವರು ಸಿಕ್ಕರು, ಕೆಲಸ ಸಿಕ್ಕಿತು, ಚಟವೂ ಬಿಟ್ಟಿತು. ಮಿದುಳು ಬದಲಾಗಿದ್ದರೂ ಮನುಷ್ಯ ಕಲ್ಲಾಗಿರಲಿಲ್ಲ.

ನಮ್ಮ ಕಡೆಯವರು ಇದನ್ನು ತಿರುಗಿಸಿ ಓದಿಕೊಳ್ಳಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರ ಮಕ್ಕಳು ಇಂದಿಗೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರು ಅಗ್ಗದ ವಿಸ್ಕಿ, ಬ್ರಾಂಡಿಗಳಿಗೆ ತಿರುಗಿದರು. ದುಡಿಮೆ, ನಿದ್ದೆ, ನೆಮ್ಮದಿ ಇಲ್ಲದವನಿಗೆ ಮಾತ್ರೆಯೊಂದೇ ಸಾಲದು ಎಂಬುದೂ ಆ ಸೈನಿಕರ ಕಥೆಯಲ್ಲೇ ಇದೆ.

ಇನ್ನು ಪಾಪದ ಪ್ರಶ್ನೆ. ಕಾಯಿಲೆ ಎಂದೊಡನೆ ಹೊಣೆ ತಪ್ಪುತ್ತದೆ ಎಂಬುದು ಸರಿಯಲ್ಲ. ಹರಾಮ್ ಎಂದು ಗೊತ್ತಿದ್ದೂ ಎತ್ತಿದ ಮೊದಲ ಲೋಟ ಅವನದೇ. ಅದರ ಹೊಣೆಯೂ ಅವನದೇ. ಸಕ್ಕರೆ ಕಾಯಿಲೆ ಬಂದವನನ್ನು ಯಾರೂ ಪಾಪಿ ಎನ್ನುವುದಿಲ್ಲ, ಆದರೆ ಗೊತ್ತಿದ್ದೂ ಮದ್ದು ತೆಗೆದುಕೊಳ್ಳದಿದ್ದರೆ ತಪ್ಪು ಅವನದೇ ಎನ್ನುತ್ತೇವೆ. ಹಾಗೆಯೇ ವ್ಯಸನಿಯ ಹೊಣೆ ಬಿಡುವ ನಿರ್ಧಾರದಲ್ಲಿ ಮಾತ್ರವಲ್ಲ, ಚಿಕಿತ್ಸೆಯನ್ನು ಹುಡುಕುವುದರಲ್ಲೂ ಇದೆ. ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಟ್ಟಿಲ್ಲ ಎಂಬ ಅರ್ಥದ ಪ್ರವಾದಿವಚನ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ.

ತೌಬಾಕ್ಕೆ ವಿದ್ವಾಂಸರು ಮೂರು ಷರತ್ತುಗಳನ್ನು ಹೇಳುತ್ತಾರೆ: ಪಾಪವನ್ನು ಬಿಡುವುದು, ಪಶ್ಚಾತ್ತಾಪ ಪಡುವುದು, ಮತ್ತೆ ಅತ್ತ ಹೋಗುವುದಿಲ್ಲವೆಂದು ದೃಢ ಸಂಕಲ್ಪ ಮಾಡುವುದು. ಪಶ್ಚಾತ್ತಾಪ ಅವನಲ್ಲಿ ಬೇಕಾದಷ್ಟಿದೆ. ಸಂಕಲ್ಪವನ್ನು ಹೊತ್ತು ನಡೆಯಬೇಕಾದ ಅಂಗವೇ ಗಾಯಗೊಂಡಿದೆ. ಕಾಲು ಮುರಿದವನಿಗೆ ನಮಾಝ್ ಕಡ್ಡಾಯವೆಂದು ಹೇಳುತ್ತ ಊರುಗೋಲು ಕೊಡದಿದ್ದರೆ ಅದು ಉಪದೇಶವೇ? ತೌಬಾ ಸಾಕು, ಡಾಕ್ಟರ್ ಏಕೆ ಎನ್ನುವ ಹಿರಿಯರು ಈ ಮಾತನ್ನು ಯೋಚಿಸಬೇಕೆಂದು ನನ್ನ ವಿನಂತಿ.

ಇನ್ನೊಂದು ಮಾತು. ಅಲ್‌ಮಾಇದಾ ಅಧ್ಯಾಯದ 90ನೇ ವಚನದಲ್ಲಿ ಮದ್ಯವನ್ನೂ ಜೂಜನ್ನೂ ಜೊತೆಗೂಡಿಸಿ ಹೇಳಲಾಗಿದೆ. ಅಮೆರಿಕಾದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಚಟವನ್ನು ಮದ್ಯದ ಚಟದ ಅಧ್ಯಾಯದೊಳಗೇ ಸೇರಿಸಿತು, ಏಕೆಂದರೆ ಎರಡೂ ಮಿದುಳಿನ ಒಂದೇ ದಾರಿಯಲ್ಲಿ ನಡೆಯುತ್ತವೆ. ಇದನ್ನು ಹಿಡಿದು ನೋಡಿರಿ, ವಿಜ್ಞಾನ ಈಗ ಹೇಳಿತು ಎಂದು ಬೀಗುವುದು ನನಗೆ ಇಷ್ಟವಿಲ್ಲ. ಕುರ್‌ಆನಿಗೆ ಯಾರ ಕೈಪಿಡಿಯ ಸಾಕ್ಷಿಯೂ ಬೇಕಿಲ್ಲ. ಆದರೆ ಮಗ ಮೊಬೈಲಿನಲ್ಲಿ ಹಣ ಕಟ್ಟಿ ಆಡುತ್ತಿದ್ದರೆ, ಕುಡಿಯುವುದಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವ ಮನೆಯವರಿಗೆ ಇದು ತಿಳಿದಿರಲಿ.

ಉಪವಾಸದ ಮೂರನೆಯ ದಿನ

ಈಗ ಹೇಳುವುದು ಈ ಲೇಖನದ ಬಹಳ ಅಗತ್ಯದ ಭಾಗ. ಕೆಲವು ವರ್ಷಗಳ ಹಿಂದೆ ರಮಝಾನಿನ ಮೂರನೆಯ ಉಪವಾಸದ ದಿನ ಅಸರ್ ನಂತರ ನಮ್ಮ ಮೊಹಲ್ಲಾದ ಒಬ್ಬ ತಾಯಿ ಮದ್ರಸದ ಬಾಗಿಲಿಗೆ ಬಂದರು. "ಹಜರತ್, ನನ್ನ ಮಗನಿಗೆ ಏನೋ ಅಸರ್ ಆಗಿದೆ, ಬಂದು ಸ್ವಲ್ಪ ದಮ್ ಮಾಡಿ" ಎಂದರು. ಹೋಗಿ ನೋಡಿದರೆ ನಲವತ್ತರ ಆಸುಪಾಸಿನ ಆ ಮನುಷ್ಯ ಬೆವರಿನಲ್ಲಿ ತೊಯ್ದಿದ್ದ. ಕೈ ನಡುಗುತ್ತಿತ್ತು. ಚಾದರದ ಮೇಲಿಂದ ನಮಗೆ ಕಾಣದ ಹುಳುಗಳನ್ನು ಒಂದೊಂದಾಗಿ ಹೆಕ್ಕಿ ಎಸೆಯುತ್ತಿದ್ದ. ಹೊತ್ತು ಯಾವುದೆಂದರೆ ತಿಳಿಯದು, ತಾಯಿಯನ್ನೇ ಬೇರೆ ಹೆಸರಿನಿಂದ ಕರೆಯುತ್ತಿದ್ದ. "ಚಾಂದ್ ಕಂಡ ದಿನದಿಂದ ಒಂದು ಹನಿ ಮುಟ್ಟಿಲ್ಲ ಹಜರತ್, ಕುರ್‌ಆನ್ ಮುಟ್ಟಿ ಹೇಳಿದ್ದ, ಮಾತು ಉಳಿಸಿಕೊಂಡ" ಎಂದು ತಾಯಿ ಹೇಳಿದರು. ಆಟೋ ಮಾಡಿ ಆಸ್ಪತ್ರೆಗೆ ಕರೆದೊಯ್ದೆವು. ದಿನವೂ ಕುಡಿಯುತ್ತಿದ್ದು ಥಟ್ಟನೆ ಬಿಟ್ಟನೇ ಎಂಬುದೇ ವೈದ್ಯರ ಮೊದಲ ಪ್ರಶ್ನೆಯಾಗಿತ್ತು.

ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಎಂದು ಹೆಸರು. ಆಗುವುದು ಹೀಗೆ. ಮದ್ಯವು ಮಿದುಳನ್ನು ಮಂದಗೊಳಿಸುತ್ತದೆ. ವರ್ಷಗಟ್ಟಲೆ ದಿನವೂ ಮಂದಗೊಳಿಸುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಅದಕ್ಕೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಳ್ಳುತ್ತದೆ. ಬಾಗಿಲನ್ನು ಹೊರಗಿನಿಂದ ಒಬ್ಬ ನೂಕುತ್ತಿದ್ದಾನೆ, ಒಳಗಿನಿಂದ ಇನ್ನೊಬ್ಬ ಒತ್ತಿ ಹಿಡಿದಿದ್ದಾನೆ ಎಂದುಕೊಳ್ಳಿ. ಹೊರಗಿನವನು ಥಟ್ಟನೆ ಕೈಬಿಟ್ಟರೆ ಒಳಗಿನವನು ಮುಗ್ಗರಿಸಿ ಬೀಳುತ್ತಾನೆ. ಮದ್ಯ ನಿಂತ ಮೊದಲ ದಿನ ನಡುಕ, ಬೆವರು, ನಿದ್ದೆಯಿಲ್ಲದಿರುವುದು. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಈ ಭ್ರಮೆಯ ಸ್ಥಿತಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ನಮ್ಮ ಜನರಲ್ಲಿ ಕುಡಿಯುವವರು ಬಹುಮಟ್ಟಿಗೆ ರಮಝಾನಿನ ಚಾಂದ್ ಕಂಡ ರಾತ್ರಿಯೇ ಬಿಡುತ್ತಾರೆ. ಆ ತಿಂಗಳ ಗೌರವ ಅವರ ಎದೆಯಲ್ಲಿ ಇನ್ನೂ ಇದೆ ಎಂಬುದಕ್ಕೆ ಅದು ಗುರುತು. ಆದರೆ ಮೈ ಆ ಗೌರವವನ್ನು ತಿಳಿಯದು.

ಹಾಗಾದರೆ ಕುಡಿಯುತ್ತಲೇ ಇರಲಿ ಎಂದೇ? ಖಂಡಿತ ಅಲ್ಲ. ವರ್ಷಗಟ್ಟಲೆ ದಿನವೂ ಕುಡಿಯುವವನು ಬಿಡುವ ಮೊದಲ ದಿನವನ್ನು ವೈದ್ಯರ ಕೈಕೆಳಗೆ ಆರಂಭಿಸಬೇಕು ಎಂದಷ್ಟೇ. ವೈದ್ಯರು ಮಿದುಳಿನ ಉದ್ರೇಕವನ್ನು ತಗ್ಗಿಸುವ ಮಾತ್ರೆಯನ್ನು ಕೊಟ್ಟು, ಕೆಲವು ದಿನಗಳಲ್ಲಿ ಅದನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಅದೂ ಒಂದು ನಶೆಯಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಚಿಕಿತ್ಸೆಗಾಗಿ ವೈದ್ಯರು ಅಳೆದು ಕೊಡುವ ಔಷಧಿಯೂ ಮೋಜಿಗೆ ನುಂಗುವುದೂ ಫಿಕ್‌ಹ್‌ನಲ್ಲಿ ಒಂದೇ ಅಲ್ಲ. ಜೊತೆಗೆ ವಿಟಮಿನ್ ಬಿ1 ಬಹಳ ಮುಖ್ಯ. ಕುಡುಕರ ಮೈಯಲ್ಲಿ ಇದರ ಕೊರತೆ ಸಾಮಾನ್ಯ. ಕೊರತೆ ತೀವ್ರವಾದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ನಮ್ಮಲ್ಲಿ ಸುಸ್ತಾದರೆ ಗ್ಲೂಕೋಸ್ ಬಾಟಲಿ ಹಾಕಿಸುವ ರೂಢಿಯಿದೆ. ಕುಡಿತದ ವಿಷಯವನ್ನು ನಾಚಿಕೆಯಿಂದ ಮುಚ್ಚಿಟ್ಟು ಬರೀ ಗ್ಲೂಕೋಸ್ ಹಾಕಿಸಿದರೆ ಈ ಕೊರತೆ ಇನ್ನೂ ಕೆಡುತ್ತದೆ. ಆದ್ದರಿಂದ ವೈದ್ಯರ ಮುಂದೆ ಸುಳ್ಳು ಬೇಡ. ಫಿಟ್ಸ್ ಬಂದರೆ, ಮಾತು ತೊದಲಿ ಭ್ರಮೆಯಾದರೆ, ತಡಮಾಡದೆ 108ಕ್ಕೆ ಕರೆ ಮಾಡಿ. ದಮ್ ಮಾಡಿಸುವುದಿದ್ದರೆ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಮಾಡಿಸಬಹುದು. ಆ ದಿನ ನಾನೂ ಅಲ್ಲೇ ಓದಿ ಊದಿದೆ.

ಮದ್ದುಗಳು, ಮದ್ದಿನ ಹೆಸರಿನ ಮೋಸಗಳು

ನಡುಕ ನಿಂತಿತೆಂದರೆ ಚಿಕಿತ್ಸೆ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ. ನಿಜಕ್ಕೂ ಅದು ಅಲ್ಲಿಂದ ಆರಂಭ. ತವಕವನ್ನು ತಗ್ಗಿಸಲು ಇಂದು ಔಷಧಿಗಳಿವೆ. ನಾಲ್ಟ್ರೆಕ್ಸೋನ್ ಎಂಬುದು ಮದ್ಯದಿಂದ ಮಿದುಳಿಗೆ ಸಿಗುವ ಹಿತವನ್ನೇ ಮಂಕಾಗಿಸುತ್ತದೆ. ಅಕಾಂಪ್ರೊಸೇಟ್ ಮದ್ಯ ಬಿಟ್ಟ ಮಿದುಳಿನ ಕಳವಳವನ್ನು ಶಮನಗೊಳಿಸುತ್ತದೆ. ಇವು ಪವಾಡಗಳಲ್ಲ, ಎಲ್ಲರಿಗೂ ಒಂದೇ ರೀತಿ ನಾಟುವುದಿಲ್ಲ. ಆದರೆ ಹಣೆಯ ಹಿಂದಿನ ದುರ್ಬಲ ಕಾವಲುಗಾರ ಚೇತರಿಸಿಕೊಳ್ಳುವವರೆಗೆ ಒಂದಿಷ್ಟು ಕಾಲಾವಕಾಶ ಕೊಡಿಸುತ್ತವೆ.

ಮೂರನೆಯದು ಡೈಸಲ್ಫಿರಾಮ್. ಇದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ನರಳುತ್ತಾನೆ. ಕೆಲವೊಮ್ಮೆ ಜೀವಕ್ಕೂ ಅಪಾಯ. ರೋಗಿ ಪೂರ್ತಿ ತಿಳಿದು ಒಪ್ಪಿ ತೆಗೆದುಕೊಳ್ಳಬೇಕಾದ ಮದ್ದು ಇದು. ಗಂಡನಿಗೆ ತಿಳಿಯದಂತೆ ಚಹಾದಲ್ಲಿ, ಸಾರಿನಲ್ಲಿ ಬೆರೆಸಿಕೊಡಿ, ಕುಡಿತ ತಾನಾಗಿ ಬಿಡುತ್ತದೆ ಎಂಬ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಆ ಪುಡಿಗಳಲ್ಲಿ ಏನಿದೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ತಾಯಂದಿರೇ, ಅಕ್ಕಂದಿರೇ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಅದು ವಂಚನೆಯೂ ಹೌದು, ಅಪಾಯವೂ ಹೌದು.

ಸಂಕಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯಕ್ಕೆ ಬೆಂಕಿ ಬಿದ್ದು, ಸಂಕಲೆಯಲ್ಲಿದ್ದ 25ಕ್ಕೂ ಹೆಚ್ಚು ಮಾನಸಿಕ ರೋಗಿಗಳು ಓಡಲಾರದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸಂಕಲೆಯಲ್ಲಿಡುವುದನ್ನು ನಿಷೇಧಿಸಿದೆ. ಅದೇ ಕಾಯ್ದೆ ಮದ್ಯ ಹಾಗೂ ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಹೊಡೆದು ಬಡಿದು ಬಿಡಿಸುತ್ತೇವೆ ಎನ್ನುವ ಕೇಂದ್ರಗಳಿಗೆ ಮಗನನ್ನು ಒಪ್ಪಿಸುವ ಮುನ್ನ ಇದು ಗೊತ್ತಿರಬೇಕು.

ಮದೀನಾದ ಪಾತ್ರೆಗಳು

ಮದ್ಯ ನಿಷೇಧ ಒಂದೇ ದಿನ ಇಳಿಯಲಿಲ್ಲ. ಮೊದಲು ಅದರ ಕೆಡುಕು ಲಾಭಕ್ಕಿಂತ ದೊಡ್ಡದೆಂದು ತಿಳಿಸಲಾಯಿತು. ಬಳಿಕ ಅಮಲಿನಲ್ಲಿ ನಮಾಝನ್ನು ಸಮೀಪಿಸಬಾರದೆಂದು ಆದೇಶ ಬಂತು. ಕೊನೆಗೆ ಪೂರ್ಣ ನಿಷೇಧ. ಐದು ಹೊತ್ತಿನ ನಮಾಝಿನ ನಡುವೆ ಎಚ್ಚರವಾಗಿರಬೇಕಾದವನಿಗೆ ಕುಡಿಯಲು ಉಳಿಯುವ ಹೊತ್ತೆಷ್ಟು? ಮೊದಲೇ ಮದ್ಯ ಬಿಡಿ ಎಂಬ ಆಜ್ಞೆ ಬಂದಿದ್ದರೆ ಜನ ಎಂದಿಗೂ ಬಿಡೆವು ಎನ್ನುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ಇಂದು ನಮಗೆ ನಿಷೇಧ ಪೂರ್ಣವಾಗಿಯೇ ಇದೆ, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಸೃಷ್ಟಿಕರ್ತನು ಮನುಷ್ಯನ ರೂಢಿಯ ಬಲವನ್ನು ಲೆಕ್ಕಕ್ಕೆ ತೆಗೆದುಕೊಂಡನು ಎಂಬುದು ತರಬೇತಿ ನೀಡುವವರಿಗೆ ಪಾಠ.

ಕೊನೆಯ ಆದೇಶ ಬಂದ ದಿನ ಹಝ್ರತ್ ಅನಸ್(ರ) ಅಬೂತಲ್ಹಾರ(ರ) ಮನೆಯಲ್ಲಿ ಮದ್ಯ ಬಡಿಸುತ್ತಿದ್ದರು. ಕೂಗು ಕೇಳಿದೊಡನೆ ಚೆಲ್ಲಿಬಿಟ್ಟರು. ಮದೀನಾದ ಬೀದಿಗಳಲ್ಲಿ ಅದು ಹರಿಯಿತು. ಇದನ್ನು ನಾವು ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಕಡಿಮೆ ಕೇಳಿರುವುದು ಪಾತ್ರೆಗಳ ವಿಷಯ. ಅಬ್ದುಲ್ ಕೈಸ್ ಗೋತ್ರದ ನಿಯೋಗ ಬಂದಾಗ ಪ್ರವಾದಿವರ್ಯರು(ಸ) ಮದ್ಯವನ್ನು ತಯಾರಿಸಲು ಬಳಸುತ್ತಿದ್ದ ನಾಲ್ಕು ಬಗೆಯ ಪಾತ್ರೆಗಳನ್ನೇ ನಿಷೇಧಿಸಿದರು: ಸೋರೆಬುರುಡೆ, ಹಸಿರು ಮಡಕೆ, ಕೊರೆದ ಮರದ ಬುಡ, ಟಾರು ಬಳಿದ ಪಾತ್ರೆ. ಅವುಗಳಲ್ಲಿಟ್ಟ ಪಾನೀಯ ಬೇಗನೆ ಹುಳಿತು ನಶೆಯೇರುತ್ತಿತ್ತು. ಮುಂದೊಂದು ಕಾಲಕ್ಕೆ ಯಾವ ಪಾತ್ರೆಯಲ್ಲಾದರೂ ಕುಡಿಯಬಹುದು, ಅಮಲಿನದು ಮಾತ್ರ ಬೇಡ ಎಂದು ಅನುಮತಿಸಿದರು. ನಿಷೇಧವು ಜನರ ಮನಸ್ಸಿನಲ್ಲಿ ನೆಲೆಯೂರಿದ ಬಳಿಕ ಪಾತ್ರೆಗಳ ನಿರ್ಬಂಧ ತೆರವಾಯಿತು ಎಂದು ಇಮಾಮ್ ನವವಿ ವಿವರಿಸಿದ್ದಾರೆ.

ಇಂದಿನ ಆಪ್ತಸಲಹೆಗಾರರು ರೋಗಿಯ ಜೊತೆ ಕುಳಿತು ಮಾಡುವುದು ಬಹುಪಾಲು ಇದೇ ಕೆಲಸ. ನಿನ್ನನ್ನು ಎಳೆಯುವ ಸೂಚನೆ ಯಾವುದು? ಯಾವ ದಾರಿ, ಯಾವ ಹೊತ್ತು, ಯಾರ ಫೋನು? ಮೊದಲ ಕೆಲವು ತಿಂಗಳು ಅವುಗಳನ್ನು ದೂರವಿಡು. ಬಲ ಬಂದ ಮೇಲೆ ನೋಡೋಣ. ಮನೆಯವರು ಇದರಲ್ಲಿ ಬಹಳ ಮಾಡಬಹುದು. ಸಂಬಳದ ದಿನ ರೈಲು ನಿಲ್ದಾಣಕ್ಕೆ ತಮ್ಮನನ್ನು ಕಳುಹಿಸಿ. ಮಗ್ರಿಬ್‌ನಿಂದ ಇಶಾವರೆಗಿನ ಹೊತ್ತಿಗೆ ಮಸೀದಿಯಲ್ಲಿ ಅವನಿಗೊಂದು ಕೆಲಸ ಕೊಡಿ. ಚಾಪೆ ಹಾಸುವುದಾದರೂ ಸರಿ. ಜಮಾಅತಿನವರು ಒಬ್ಬ ವ್ಯಸನಿಯನ್ನು ಹೊರಗಟ್ಟುವ ಮೊದಲು ಅವನ ಸಂಜೆಯನ್ನು ಹೇಗೆ ತುಂಬಬಹುದೆಂದು ಯೋಚಿಸಿದ್ದಾರೆಯೇ?

ಅವನು ಮತ್ತೆ ಬೀಳಬಹುದು. ಸಕ್ಕರೆ, ರಕ್ತದೊತ್ತಡಗಳಂತೆ ಇದೂ ಮರಳಿ ತಲೆಯೆತ್ತುವ ಕಾಯಿಲೆ. ಪ್ರವಾದಿಯವರ(ಸ) ಕಾಲದಲ್ಲಿ ಅಬ್ದುಲ್ಲಾ ಎಂಬ ಒಬ್ಬರಿದ್ದರು. ಜನ ಅವರನ್ನು ಹಿಮಾರ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು, ಪ್ರವಾದಿಯವರನ್ನು(ಸ) ನಗಿಸುತ್ತಿದ್ದರಂತೆ. ಕುಡಿದು ಸಿಕ್ಕಿಬಿದ್ದು ಪದೇ ಪದೇ ಶಿಕ್ಷೆಗೆ ಒಳಗಾದರು. ಎಷ್ಟು ಸಲ ತರುವುದು ಇವನನ್ನು ಎಂದು ಒಬ್ಬರು ಶಪಿಸಿದಾಗ ಪ್ರವಾದಿಯವರು(ಸ) ತಡೆದರು: ಶಪಿಸಬೇಡಿ, ಈತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆಂದು ನಾನು ಬಲ್ಲೆ ಎಂಬ ಅರ್ಥದಲ್ಲಿ ನುಡಿದರು. ಇಂತಹದೇ ಮತ್ತೊಂದು ಸಂದರ್ಭದಲ್ಲಿ ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂದೂ ತಾಕೀತು ಮಾಡಿದರು. ಎರಡೂ ಬುಖಾರಿಯ ವರದಿಗಳು. ಶಿಕ್ಷೆ ತಪ್ಪಿಸಲಿಲ್ಲ, ಶಾಪಕ್ಕೆ ಬಿಡಲೂ ಇಲ್ಲ.

ಎಲ್ಲಿಗೆ ಹೋಗಬೇಕು?

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಟವಾಯಿತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37ರಲ್ಲಿ ನಮ್ಮವರೂ ಇದ್ದಾರೆ. ಹುಡುಗಿ ನೋಡಲು ಬರುವವರಿಗೆ ತಿಳಿದೀತೆಂದು, ಮಸೀದಿಯಲ್ಲಿ ಮಾತಾದೀತೆಂದು ಮುಚ್ಚಿಟ್ಟ ಮನೆಗಳು ಅವು.

ಟೆಲಿಮನಸ್ ಎಂಬ ಸರ್ಕಾರಿ ದೂರವಾಣಿ ಸೇವೆ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ನಾಚಿಕೆಯಿರುವ ಹೆಂಗಸರು ಮನೆಯಿಂದಲೇ ಕೇಳಬಹುದು. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಿ. ಸ್ಥಿತಿ ಜಟಿಲವಾಗಿದ್ದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1990ರ ದಶಕದಿಂದ ನಡೆಯುತ್ತ ಬಂದಿರುವ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಹೋಗುವಾಗ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಬಾರಿ ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮನೆಯವರೊಬ್ಬರು ಜೊತೆಗಿರಲಿ.

ರಮಝಾನಿಗೆ ಬಿಡಬೇಕೆಂಬ ಮನಸ್ಸು ಮಾಡಿದವರು ಚಾಂದ್ ಕಾಣುವವರೆಗೆ ಕಾಯಬಾರದು. ಶಅಬಾನಿನ ಮೊದಲ ವಾರದಲ್ಲೇ ವೈದ್ಯರನ್ನು ಕಂಡರೆ ನಡುಕದ ದಿನಗಳು ಉಪವಾಸಕ್ಕೆ ಮೊದಲೇ ಕಳೆದಿರುತ್ತವೆ. ಮುಂದಿನ ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಬಹುದೇ ಎಂದು ಅಲ್ಲೇ ಕೇಳಿ. ಈ ವರ್ಷ ಉಪವಾಸ ಬೇಡವೆಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. ರೋಗಿಗೆ ಬೇರೆ ದಿನಗಳಲ್ಲಿ ಕಝಾ ಮಾಡುವ ಅವಕಾಶವನ್ನು ಕುರ್‌ಆನೇ ಕೊಟ್ಟಿದೆ. ಆ ತಿಂಗಳು ಹಗಲು ಊಟ ಮಾಡುತ್ತಾನೆಂದು ಅವನನ್ನು ನೆರೆಹೊರೆಯವರು ಹಂಗಿಸಿದರೆ, ಡಾಕ್ಟರ್ ಹೇಳಿದ್ದಾರೆ ಎಂದು ತಾಯಿಯಾದವರು ಬಾಗಿಲಲ್ಲಿ ನಿಂತು ಧೈರ್ಯವಾಗಿ ಹೇಳಲಿ.